ಮಕ್ಕಳು ಮತ್ತು ಹಿರಿಯರೊಂದಿಗೆ ಮೈಸೂರು ಸುತ್ತಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿಗೆ ಮನೆಮಂದಿಯೊಂದಿಗೆ ಬರುವ ನೆಂಟರು, ಸ್ನೇಹಿತರು ಮತ್ತು ಪತ್ರ ಬರೆಯುವ ಓದುಗರು ವರ್ಷವಿಡೀ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಒಟ್ಟುಗೂಡಿಸಿ, ಸುಲಭದ ಪ್ರಶ್ನೆಗಳನ್ನು ಮೊದಲು ಇಟ್ಟು ಉತ್ತರಿಸಲಾಗಿದೆ. ಮನೆಮಂದಿಯೆಲ್ಲ ಹೊರಟಾಗ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ ಅವರ ನಡಿಗೆಗೆ ತಕ್ಕಂತೆ ದಿನವನ್ನು ರೂಪಿಸಬೇಕೆಂಬುದು ಈ ಎಲ್ಲ ಉತ್ತರಗಳ ಹಿಂದಿರುವ ನಂಬಿಕೆ. ಪ್ರವೇಶ ದರಗಳು ಆಗಾಗ ಬದಲಾಗುವುದರಿಂದ ಅವುಗಳನ್ನು ಕೊಟ್ಟಿಲ್ಲ.

## ಹೊರಡುವ ಮುನ್ನ

ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದೇವೆ. ಮೈಸೂರು ನೋಡಲು ಒಂದು ದಿನ ಸಾಕಲ್ಲವೇ?

ಬೆಳಿಗ್ಗೆ ಬೆಂಗಳೂರಿನಿಂದ ಹೊರಟು ಅರಮನೆ, ಮೃಗಾಲಯ, ಬೆಟ್ಟ, ಬೃಂದಾವನ ಎಲ್ಲವನ್ನೂ ಮುಗಿಸಿ ರಾತ್ರಿ ಮನೆ ಸೇರುವ ಪ್ರವಾಸವನ್ನು ಈಗಲೂ ಬಹಳ ಮಂದಿ ಮಾಡುತ್ತಾರೆ. ದೊಡ್ಡವರಷ್ಟೇ ಇದ್ದರೆ ಅದು ನಡೆದೀತು. ಚಿಕ್ಕ ಮಕ್ಕಳಿದ್ದರೆ ಮಧ್ಯಾಹ್ನ ಮೂರರ ಹೊತ್ತಿಗೆ ಹಟ, ಅಳು, ನಿದ್ದೆ ಮೂರೂ ಒಟ್ಟಿಗೆ ಶುರುವಾಗಿ, ಸಂಜೆ ಕಾಣಬೇಕಾದ ಚೆಂದದ ನೋಟವೆಲ್ಲ ಹೆಗಲ ಮೇಲೆ ಮಲಗಿದ ಮಗುವಿಗೆ ತಪ್ಪಿಹೋಗುತ್ತದೆ. ಎರಡು ರಾತ್ರಿ ಉಳಿಯುವಂತೆ ಬನ್ನಿ. ಬೆಳಿಗ್ಗೆ ಒಂದು ದೊಡ್ಡ ಜಾಗ, ಊಟವಾದ ಮೇಲೆ ವಿಶ್ರಾಂತಿ, ಸಂಜೆ ಇನ್ನೊಂದು ಹಗುರವಾದ ಜಾಗ ಎಂದು ಹಂಚಿಕೊಂಡರೆ ಊರು ತಾನಾಗಿಯೇ ತೆರೆದುಕೊಳ್ಳುತ್ತದೆ. ಒಂದೇ ದಿನ ಸಿಗುವುದಾದರೆ ಮೃಗಾಲಯ ಮತ್ತು ಅರಮನೆ ಎರಡನ್ನೇ ಇಟ್ಟುಕೊಂಡು ಉಳಿದುದನ್ನು ಮುಂದಿನ ಸಲಕ್ಕೆ ಬಿಡಿ.

ಯಾವ ದಿನ ಯಾವುದು ಮುಚ್ಚಿರುತ್ತದೆ?

ಎಲ್ಲಕ್ಕಿಂತ ಹೆಚ್ಚು ಕುಟುಂಬಗಳು ಎಡವುವುದು ಇಲ್ಲಿಯೇ. ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೂ ಕಾರಂಜಿ ಕೆರೆಗೂ ಮಂಗಳವಾರ ವಾರದ ರಜೆ. ಹಬ್ಬದ ದಿನಗಳಲ್ಲಿ ಮತ್ತು ಜನ ಹೆಚ್ಚಿರುವ ಕಾಲದಲ್ಲಿ ಇದಕ್ಕೆ ವಿನಾಯಿತಿ ಕೊಡುವುದುಂಟು. ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ. ಅರಮನೆ ವಾರವಿಡೀ ತೆರೆದಿದ್ದರೂ ದಸರಾದ ಕೆಲವು ಧಾರ್ಮಿಕ ವಿಧಿಗಳ ಸಮಯದಲ್ಲಿ ಸಾರ್ವಜನಿಕರಿಗೆ ಪ್ರವೇಶವಿರುವುದಿಲ್ಲ. ಶನಿವಾರ ಬಂದು ಸೋಮವಾರ ಮರಳುವವರಿಗೆ ಈ ರಜೆಗಳ ತೊಡಕು ಅಷ್ಟಾಗಿ ತಟ್ಟದು. ಮಂಗಳವಾರವನ್ನು ಒಳಗೊಂಡ ಪ್ರವಾಸವಾದರೆ ಆ ದಿನವನ್ನು ಶ್ರೀರಂಗಪಟ್ಟಣಕ್ಕೋ ಸೋಮನಾಥಪುರಕ್ಕೋ ಮೀಸಲಿಡಿ.

ಯಾವ ತಿಂಗಳು ಬಂದರೆ ಒಳ್ಳೆಯದು?

ನವೆಂಬರ್‌ನಿಂದ ಫೆಬ್ರವರಿಯವರೆಗೆ ಹಗಲು ಹಿತವಾಗಿರುತ್ತದೆ, ಬೆಳಗಿನ ಚಳಿಗೆ ಮಕ್ಕಳಿಗೊಂದು ಸ್ವೆಟರ್ ಇದ್ದರೆ ಸಾಕು. ಶಾಲೆಯ ರಜೆಯ ಕಾರಣಕ್ಕೆ ಏಪ್ರಿಲ್‌–ಮೇ ತಿಂಗಳಲ್ಲಿಯೇ ಬರಬೇಕಾದವರು ಬೆಳಿಗ್ಗೆ ಹನ್ನೊಂದರೊಳಗೆ ಹೊರಗಿನ ಸುತ್ತಾಟ ಮುಗಿಸಬೇಕು. ಡಿಸೆಂಬರ್ ಕೊನೆಯ ವಾರದಲ್ಲಿ ಶಾಲಾ ಪ್ರವಾಸದ ಬಸ್ಸುಗಳೂ ಕ್ರಿಸ್‌ಮಸ್ ರಜೆಯವರೂ ಒಟ್ಟಿಗೆ ಸೇರುವುದರಿಂದ ಆ ವಾರವನ್ನು ತಪ್ಪಿಸುವುದು ಉತ್ತಮ.

ನಮ್ಮ ಹತ್ತಿರ ಕಾರಿಲ್ಲ. ಸಿಟಿ ಬಸ್ಸಿನಲ್ಲೇ ಸುತ್ತಬಹುದೇ?

ಧಾರಾಳವಾಗಿ ಸುತ್ತಬಹುದು. ನಗರ ಬಸ್ ನಿಲ್ದಾಣ ಅರಮನೆಯ ಪಕ್ಕದಲ್ಲಿಯೇ ಇದೆ. ಚಾಮುಂಡಿ ಬೆಟ್ಟಕ್ಕೆ 201ನೆಯ ನಂಬರಿನ ಬಸ್ಸು ಅಲ್ಲಿಂದಲೇ ಹೊರಡುತ್ತದೆ, ಕೆ.ಆರ್.ಎಸ್. (ಕನ್ನಂಬಾಡಿ ಕಟ್ಟೆಯೂ ಬೃಂದಾವನ ಉದ್ಯಾನವೂ ಇರುವ ಜಾಗ) ಮತ್ತು ಶ್ರೀರಂಗಪಟ್ಟಣಕ್ಕೂ ಬಸ್ಸುಗಳಿವೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಕರ್ನಾಟಕದ ಮಹಿಳೆಯರು ಸಾಮಾನ್ಯ ಬಸ್ಸುಗಳಲ್ಲಿ ಗುರುತಿನ ಚೀಟಿ ತೋರಿಸಿ ಉಚಿತವಾಗಿ ಪ್ರಯಾಣಿಸಬಹುದಾದ್ದರಿಂದ ಅಮ್ಮ, ಅಜ್ಜಿ, ಅತ್ತೆಯರು ಹೆಚ್ಚಾಗಿರುವ ಕುಟುಂಬದ ಖರ್ಚು ಗಣನೀಯವಾಗಿ ತಗ್ಗುತ್ತದೆ. ಅರಮನೆ, ಮೃಗಾಲಯ, ಮಾರುಕಟ್ಟೆಗಳ ನಡುವಿನ ಅಂತರ ಕಡಿಮೆ, ಆಟೋ ಸಾಕು. ಅರಮನೆಯ ಸುತ್ತಮುತ್ತ ಟಾಂಗಾಗಳು ಇನ್ನೂ ಇವೆ. ಹತ್ತುವ ಮುನ್ನವೇ ಎಲ್ಲಿಂದ ಎಲ್ಲಿಗೆ, ಎಷ್ಟು ಹಣ ಎಂಬುದನ್ನು ಸ್ಪಷ್ಟವಾಗಿ ಮಾತಾಡಿಕೊಳ್ಳಿ.

## ಊರೊಳಗಿನ ಜಾಗಗಳು

ಮೃಗಾಲಯ ನೋಡಲು ಎಷ್ಟು ಹೊತ್ತು ಬೇಕು? ನಮ್ಮ ಮಗುವಿಗೆ ಮೂರು ವರ್ಷ, ಅಷ್ಟು ನಡೆಯುತ್ತದಾ?

ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1892ರಲ್ಲಿ ಆರಂಭವಾದ ಈ ಮೃಗಾಲಯ 157 ಎಕರೆಯಷ್ಟು ವಿಸ್ತಾರವಾಗಿದೆ. ಪೂರ್ತಿ ಸುತ್ತಲು ಮೂರರಿಂದ ನಾಲ್ಕು ಗಂಟೆ ಬೇಕು, ನಡಿಗೆಯೂ ಮೂರು ಕಿಲೋಮೀಟರಿಗಿಂತ ಹೆಚ್ಚಾಗುತ್ತದೆ. ಮೂರು ವರ್ಷದ ಮಗು ಅಷ್ಟು ದೂರ ನಡೆಯಲಾರದು, ನಡೆಸಲೂಬಾರದು. ನಡೆಯಲಾಗದವರಿಗಾಗಿ ಬ್ಯಾಟರಿ ಚಾಲಿತ ವಾಹನಗಳಿವೆ. ಆದರೆ ಅವು ಎಲ್ಲ ಕಡೆಯೂ ಮಗುವಿಗೆ ಬೇಕಾದಷ್ಟು ಹೊತ್ತು ನಿಲ್ಲುವುದಿಲ್ಲವಾದ್ದರಿಂದ, ತಳ್ಳುಗಾಡಿ ತಂದು ಅರ್ಧ ಮೃಗಾಲಯವನ್ನಷ್ಟೇ ಚೆನ್ನಾಗಿ ನೋಡುವುದು ನನಗೆ ಹೆಚ್ಚು ಸರಿಯೆನಿಸುತ್ತದೆ.

ಬಾಗಿಲು ತೆರೆಯುವ ಎಂಟೂವರೆಯ ಹೊತ್ತಿಗೇ ಒಳಹೋಗಬೇಕೆಂದು ಎಲ್ಲರಿಗೂ ಒತ್ತಿ ಹೇಳುತ್ತೇನೆ. ತಂಪು ಹೊತ್ತಿನಲ್ಲಿ ಹುಲಿ, ಚಿರತೆಗಳು ಓಡಾಡುತ್ತಿರುತ್ತವೆ. ಬಿಸಿಲೇರಿದ ಮೇಲೆ ಅವು ನೆರಳಿನಲ್ಲಿ ಮಲಗಿಬಿಡುತ್ತವೆ, ಮಕ್ಕಳು ಬೇಲಿಯಾಚೆ ಕಣ್ಣು ಕಿರಿದು ಮಾಡಿ ಒಂದು ಬಾಲದ ತುದಿಯನ್ನು ಹುಡುಕುತ್ತ ನಿಲ್ಲಬೇಕಾಗುತ್ತದೆ. ಜಿರಾಫೆಗಳ ಬಳಿ ಅವಸರ ಮಾಡಬೇಡಿ. ಅದು ನೀಲಿಗಪ್ಪು ನಾಲಿಗೆಯನ್ನು ಮೊಳದುದ್ದ ಹೊರಚಾಚಿ ಸೊಪ್ಪನ್ನು ಸುತ್ತಿ ಎಳೆದುಕೊಳ್ಳುವುದನ್ನು ಒಮ್ಮೆ ಹತ್ತಿರದಿಂದ ಕಂಡ ಮಗು ಮನೆಗೆ ಹೋಗಿ ವಾರಗಟ್ಟಲೆ ಅದನ್ನೇ ಅಭಿನಯಿಸಿ ತೋರಿಸುತ್ತದೆ. 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾಗಳನ್ನೂ ನೋಡದೆ ಬರಬೇಡಿ.

ಒಳಗೆ ಪ್ಲಾಸ್ಟಿಕ್ ನಿಷಿದ್ಧ. ಚೀಲ ತಪಾಸಣೆ ನಿಜವಾಗಿಯೂ ನಡೆಯುತ್ತದೆ. ನೀರಿಗೆ ಸ್ಟೀಲ್ ಬಾಟಲಿ ತನ್ನಿ, ತಿಂಡಿ ಪೊಟ್ಟಣಗಳನ್ನು ತರಬೇಡಿ. ಪ್ರಾಣಿಗಳಿಗೆ ಕೂಗಿ, ಕಲ್ಲೆಸೆದು ಎಬ್ಬಿಸುವುದು ತಪ್ಪೆಂದು ಮಕ್ಕಳಿಗೆ ಟಿಕೆಟ್ ಕೊಳ್ಳುವ ಸಾಲಿನಲ್ಲಿಯೇ ಹೇಳಿಕೊಡಿ.

ಮೃಗಾಲಯ ಮುಗಿಸಿ ಅದೇ ದಿನ ಕಾರಂಜಿ ಕೆರೆಗೂ ಹೋಗಬಹುದೇ?

ಎರಡೂ ಅಕ್ಕಪಕ್ಕದಲ್ಲಿವೆ, ಒಂದೇ ಪ್ರಾಧಿಕಾರದ ಆಡಳಿತದಲ್ಲಿವೆ. ಹತ್ತು ವರ್ಷ ದಾಟಿದ ಮಕ್ಕಳಾದರೆ ಮಧ್ಯದಲ್ಲಿ ಊಟ ಮಾಡಿ ಹೋಗಬಹುದು. ಚಿಕ್ಕವರಾದರೆ ಕಾರಂಜಿಯನ್ನು ಬೇರೊಂದು ಸಂಜೆಗೆ ಇಟ್ಟುಕೊಳ್ಳಿ. ಒಳಗೆ ನಡೆದು ಹೋಗಬಹುದಾದ ಎತ್ತರದ ಪಕ್ಷಿಪಥ, ನವಿಲುಗಳು, ಚಿಟ್ಟೆ ಉದ್ಯಾನ, ದೋಣಿ ಇಷ್ಟೂ ಇರುವ ಈ ಜಾಗ ನಮ್ಮೂರಿನಲ್ಲಿ ಅಜ್ಜ-ಅಜ್ಜಿ ಮತ್ತು ಮೊಮ್ಮಕ್ಕಳು ಸಮಾನವಾಗಿ ಸಂತೋಷಪಡುವ ತಾಣ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅರಮನೆ ಅಂದರೆ ದೊಡ್ಡವರಿಗೆ ಸರಿ, ಮಕ್ಕಳಿಗೆ ಬೇಜಾರಾಗುವುದಿಲ್ಲವೇ?

ಏನನ್ನು ಹುಡುಕಬೇಕೆಂದು ಮೊದಲೇ ಹೇಳಿ ಕರೆದೊಯ್ದರೆ ಬೇಜಾರಾಗುವುದಿಲ್ಲ. ಮೊದಲಿಗೆ ಕಥೆ ಹೇಳಿ: ಇಲ್ಲಿದ್ದ ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು, ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಬೆಂಕಿಯ ಕಥೆ ಕೇಳಿದ ಮಕ್ಕಳು ಒಳಗೆ ಕಾಲಿಡುತ್ತಲೇ ಎರಕದ ಕಬ್ಬಿಣದ ಕಂಬಗಳನ್ನು ಬೇರೆಯದೇ ಕಣ್ಣಿನಿಂದ ನೋಡುತ್ತಾರೆ.

ಆಮೇಲೆ ಕಲ್ಯಾಣ ಮಂಟಪದಲ್ಲಿ ತಲೆಯೆತ್ತಿ ಬಣ್ಣದ ಗಾಜಿನ ಛಾವಣಿಯ ನವಿಲುಗಳನ್ನು ನೋಡಲು ಹೇಳಿ. ಅಲ್ಲಿಯೇ ಗೋಡೆಯ ಸುತ್ತ ದಸರಾ ಮೆರವಣಿಗೆಯ ವರ್ಣಚಿತ್ರಗಳ ಸಾಲಿದೆ: ಆನೆ, ಕುದುರೆ, ಬ್ಯಾಂಡಿನವರು, ಬೀದಿಯ ಇಕ್ಕೆಲದಲ್ಲಿ ನಿಂತ ಜನ, ಮಾಳಿಗೆಯ ಮೇಲಿಂದ ಇಣುಕುವವರು. ಒಂದೊಂದು ಮುಖವೂ ಬೇರೆ ಬೇರೆ. ಪೇಟ ಕಟ್ಟಿದವರೆಷ್ಟು, ಚಿಕ್ಕ ಮಕ್ಕಳೆಲ್ಲಿದ್ದಾರೆ ಎಂದು ಕೇಳಿದರೆ ಮಕ್ಕಳು ತಾವಾಗಿಯೇ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಸರಿಯುತ್ತಾರೆ. ಗೈಡುಗಳು ಹೇಳುವ ಇಸವಿಗಳಿಗಿಂತ ಈ ಗೋಡೆ ಅವರಿಗೆ ಹೆಚ್ಚು ಕಲಿಸುತ್ತದೆ. ಗೊಂಬೆ ತೊಟ್ಟಿಯನ್ನು ಬಿಡಬೇಡಿ. ಚಪ್ಪಲಿಯನ್ನು ಹೊರಗೆ ಬಿಡಬೇಕಾಗುತ್ತದೆ; ಬೇಸಿಗೆಯ ಮಧ್ಯಾಹ್ನ ಹೊರಗಿನ ಕಲ್ಲುಹಾಸು ಕಾದಿರುವುದರಿಂದ ಮಕ್ಕಳಿಗೆ ಕಾಲುಚೀಲ ತನ್ನಿ.

ಅರಮನೆಯ ದೀಪಾಲಂಕಾರ ದಿನಾ ಇರುತ್ತದಾ? ಎಲ್ಲಿ ನಿಂತು ನೋಡಬೇಕು?

ಭಾನುವಾರ, ಸರ್ಕಾರಿ ರಜಾದಿನಗಳು ಮತ್ತು ದಸರಾದ ಅಷ್ಟೂ ದಿನ ಸಂಜೆ ಏಳರ ಸುಮಾರಿಗೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ಆ ಒಂದು ಕ್ಷಣಕ್ಕಾಗಿ ಹತ್ತು-ಹದಿನೈದು ನಿಮಿಷ ಮುಂಚಿತವಾಗಿ ಬಂದು ಕಾಯುವುದು ಸಾರ್ಥಕ. ತಡವಾಗಿ ಬಂದವರಿಗೆ ದೀಪಗಳು ಕಾಣುತ್ತವೆ, ಹೊತ್ತಿಕೊಳ್ಳುವುದು ಕಾಣುವುದಿಲ್ಲ. ಆವರಣದೊಳಗೆ ನೂಕುನುಗ್ಗಲು ಹೆಚ್ಚಿದ್ದರೆ ಹೊರಗಿನ ರಸ್ತೆಯಿಂದಲೂ ನೋಟ ಸೊಗಸಾಗಿಯೇ ಇರುತ್ತದೆ. ಎಳೆಯ ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಟ್ಟಿರಿ.

ಮಗನಿಗೆ ರೈಲಿನ ಹುಚ್ಚು. ರೈಲ್ವೆ ಮ್ಯೂಸಿಯಂ ಎಷ್ಟು ಹೊತ್ತಿನದು?

ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ರೈಲಿನ ಹುಚ್ಚಿದ್ದರೆ ಮೂರು ಗಂಟೆಯೂ ಸಾಲದು. ರೈಲು ನಿಲ್ದಾಣಕ್ಕೆ ಹತ್ತಿರದಲ್ಲಿ, ಆಹಾರ ಸಂಶೋಧನಾ ಸಂಸ್ಥೆಯಾದ ಸಿ.ಎಫ್.ಟಿ.ಆರ್.ಐ. ಎದುರಿಗೆ 1979ರಲ್ಲಿ ಆರಂಭವಾದ ಈ ಸಂಗ್ರಹಾಲಯದಲ್ಲಿ ಹಬೆ ಎಂಜಿನುಗಳಿವೆ, ಹಳೆಯ ಸಿಗ್ನಲ್‌ಗಳಿವೆ, ಮಹಾರಾಣಿಯವರ ಪ್ರಯಾಣಕ್ಕಾಗಿ ಮಾಡಿಸಿದ ಅಡುಗೆಮನೆ-ಊಟದ ಕೋಣೆ ಸಹಿತವಾದ ಬೋಗಿಯಿದೆ, ಮಕ್ಕಳನ್ನು ಸುತ್ತು ಹಾಕಿಸುವ ಪುಟ್ಟ ರೈಲೂ ಇದೆ. ಮುಟ್ಟಬೇಡಿ ಎಂಬ ಫಲಕಗಳ ನಡುವೆ ಬೆಳೆಯುವ ಮಕ್ಕಳಿಗೆ ಇಲ್ಲಿ ಎಂಜಿನ್ನಿನ ಕಬ್ಬಿಣವನ್ನು ಅಂಗೈಯಿಂದ ತಡವಿ ನೋಡುವ ಸ್ವಾತಂತ್ರ್ಯ ಸಿಗುತ್ತದೆ. ಊರಿಗೆ ಮರಳುವ ದಿನ, ರೈಲು ಹೊರಡುವ ಮುನ್ನ ಉಳಿಯುವ ಹೊತ್ತಿಗೆ ಇದು ಹೇಳಿಮಾಡಿಸಿದ ಜಾಗ.

ಮಳೆ ಹಿಡಿದುಕೊಂಡರೆ ಅಥವಾ ಮಧ್ಯಾಹ್ನದ ಬಿಸಿಲಿಗೆ ಎಲ್ಲಿ ಹೋಗುವುದು?

ಕಾರಂಜಿ ಕೆರೆಯ ದಂಡೆಯಲ್ಲಿ 1995ರಿಂದ ಇರುವ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಹೋಗಿ. ಕಾಡು, ಕಡಲು, ಜೀವವಿಕಾಸ ಇವನ್ನು ಮಾದರಿಗಳ ಮೂಲಕ ತೋರಿಸುವ ಈ ಶಾಂತವಾದ ಕಟ್ಟಡವನ್ನು ಮೃಗಾಲಯಕ್ಕೆ ಬರುವ ಬಹುಪಾಲು ಜನ ನೋಡದೆಯೇ ಹೋಗುತ್ತಾರೆ, ಅದು ನನಗೆ ಬೇಸರದ ಸಂಗತಿ.

ಟಿಕೆಟ್ ಇಲ್ಲದ ಜಾಗಗಳು ಯಾವುವು?

ಬೆಳಗಿನ ಹೊತ್ತಿಗೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಈ ಕೆರೆ ಊರಿನ ಮಧ್ಯದಲ್ಲಿದ್ದರೂ ಅದರ ನಡುಗಡ್ಡೆಗಳ ಮರಗಳಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್) ಗೂಡು ಕಟ್ಟುತ್ತವೆ. ಏರಿಯ ಮೇಲೆ ನಿಂತು ಅವು ನೀರಿಗಿಳಿಯುವುದನ್ನು ನೋಡಲು ದುರ್ಬೀನೂ ಬೇಕಿಲ್ಲ. ಸಂತ ಫಿಲೋಮಿನಾ ಚರ್ಚಿನ 175 ಅಡಿಯ ಅವಳಿ ಗೋಪುರಗಳನ್ನು ತೋರಿಸಿ. ಒಳಗೆ ಮೌನವಾಗಿರಬೇಕೆಂದು ಮಕ್ಕಳಿಗೆ ತಿಳಿಸಿ.

ದೇವರಾಜ ಮಾರುಕಟ್ಟೆಯನ್ನು ಮಕ್ಕಳ ತಾಣವೆಂದು ಯಾರೂ ಎಣಿಸುವುದಿಲ್ಲ, ನಾನು ಎಣಿಸುತ್ತೇನೆ. ಹೂವಿನ ಸಾಲಿನಲ್ಲಿ ಮೊಳ ಹಾಕಿ ಅಳೆಯುವ ಕೈಗಳ ವೇಗ, ಕುಂಕುಮದ ಗೋಪುರಗಳ ಬಣ್ಣ, ವೀಳ್ಯದೆಲೆಯ ಕಟ್ಟುಗಳು, ನಂಜನಗೂಡು ರಸಬಾಳೆಯ ಘಮ, ಇವೆಲ್ಲ ಮಗುವಿನ ಎತ್ತರಕ್ಕೇ ಇರುವಂಥವು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿದೆ. ಬೆಳಿಗ್ಗೆ ಹೋಗಿ, ಮಕ್ಕಳ ಕೈಯಿಂದಲೇ ಏನಾದರೊಂದನ್ನು ಕೊಳ್ಳಿಸಿ.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಬೇಕೆಂದು ಮಕ್ಕಳ ಆಸೆ, ಅಜ್ಜಿಗೆ ಮಂಡಿನೋವು. ಏನು ಮಾಡುವುದು?

ಎಲ್ಲರೂ ಬಸ್ಸಿನಲ್ಲೋ ಕಾರಿನಲ್ಲೋ ಮೇಲೆ ಹೋಗಿ ದರ್ಶನ ಮಾಡಿಕೊಳ್ಳಿ, ಮಹಿಷಾಸುರನ ವಿಗ್ರಹದ ಮುಂದೆ ಚಿತ್ರ ತೆಗೆಸಿಕೊಳ್ಳಿ. ಬಳಿಕ ಮಕ್ಕಳೂ ಒಬ್ಬಿಬ್ಬರು ದೊಡ್ಡವರೂ ಮೆಟ್ಟಿಲಿಳಿದು ನಂದಿಯವರೆಗೆ ಬರಲಿ. ಅಜ್ಜಿ ವಾಹನದಲ್ಲಿ ರಸ್ತೆಯ ಮೂಲಕ ಅಲ್ಲಿಗೇ ಬರಬಹುದು. ಒಟ್ಟು ಮೆಟ್ಟಿಲು ಸುಮಾರು ಸಾವಿರವಾದರೆ ಮೇಲಿನಿಂದ ನಂದಿಗೆ ಅದರ ಮೂರನೇ ಒಂದು ಭಾಗದಷ್ಟು ಮಾತ್ರ. 17ನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಆ ನಂದಿಯ ಕೊರಳ ಗಂಟೆಗಳನ್ನು ಮಕ್ಕಳಿಗೆ ತೋರಿಸಿ. ಕೋತಿಗಳಿರುವುದರಿಂದ ತಿನಿಸನ್ನು ಕೈಯಲ್ಲಿ ಹಿಡಿದು ನಡೆಯುವುದು ಬೇಡ. ಆಷಾಢ ಶುಕ್ರವಾರಗಳಂದು ಬೆಟ್ಟಕ್ಕೆ ಭಕ್ತರ ಪ್ರವಾಹವೇ ಹರಿಯುತ್ತದೆ, ಖಾಸಗಿ ವಾಹನಗಳಿಗೂ ನಿರ್ಬಂಧವಿರುತ್ತದೆ. ಹರಕೆಯಿದ್ದವರು ಬಿಟ್ಟರೆ ಉಳಿದವರು ಬೇರೆ ದಿನ ಆರಿಸಿಕೊಳ್ಳಬೇಕು.

## ಊರಾಚೆಯ ಒಂದು ದಿನ

ಬೃಂದಾವನಕ್ಕೆ ಎಷ್ಟು ಹೊತ್ತಿಗೆ ಹೊರಡಬೇಕು?

ಊರಿನಿಂದ ಸುಮಾರು 20 ಕಿಲೋಮೀಟರ್. ಇಳಿಹೊತ್ತಿನಲ್ಲಿ ತಲುಪುವಂತೆ ಹೊರಟರೆ ಬೆಳಕಿನಲ್ಲಿ ತೋಟವನ್ನೂ ಕತ್ತಲಾದ ಮೇಲೆ ದೀಪ ಮತ್ತು ಸಂಗೀತ ಕಾರಂಜಿಯನ್ನೂ ನೋಡಬಹುದು. ಪ್ರವೇಶದ್ವಾರದಿಂದ ಸಂಗೀತ ಕಾರಂಜಿಯವರೆಗೆ ನಡಿಗೆ ಉದ್ದವಾಗಿದೆ, ಮರಳುವಾಗಲೂ ಅಷ್ಟೇ ನಡೆಯಬೇಕು ಎಂಬುದನ್ನು ಹಿರಿಯರು ಮೊದಲೇ ತಿಳಿದಿರಲಿ. 1911ರಲ್ಲಿ ಆರಂಭವಾಗಿ 1930ರ ದಶಕದ ಆದಿಯಲ್ಲಿ ಮುಗಿದ ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಮಳೆಗಾಲದಲ್ಲಿ ಈ ಭಾಗದ ಮನೆಮನೆಯಲ್ಲೂ ಪತ್ರಿಕೆಯಲ್ಲಿ ಮೊದಲು ಹುಡುಕುವ ಅಂಕಿ ಅದು. ಆ ದಿನದ ನೀರಿನ ಮಟ್ಟ ಎಷ್ಟೆಂದು ಮಕ್ಕಳಿಂದಲೇ ಪತ್ರಿಕೆಯಲ್ಲಿ ಓದಿಸಿ ಕರೆದೊಯ್ಯಿರಿ.

ರಂಗನತಿಟ್ಟು ಮತ್ತು ಶ್ರೀರಂಗಪಟ್ಟಣ ಒಂದೇ ದಿನದಲ್ಲಿ ಆಗುತ್ತದಾ?

ಆಗುತ್ತದೆ, ರಂಗನತಿಟ್ಟನ್ನು ಬೆಳಿಗ್ಗೆಯೇ ಮುಗಿಸಬೇಕು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾದ ಈ ನಡುಗಡ್ಡೆಗಳ ಗುಂಪು 2022ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಅಂದರೆ ರಾಮ್ಸಾರ್ ತಾಣಗಳ, ಪಟ್ಟಿಗೆ ಸೇರಿತು. ಗೂಡು ಕಟ್ಟುವ ತಿಂಗಳುಗಳಲ್ಲಿ, ಅಂದರೆ ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ, ಬಣ್ಣದ ಕೊಕ್ಕರೆಗಳೂ ಚಮಚದಂಥ ಕೊಕ್ಕಿನ ಹಕ್ಕಿಗಳೂ ದೋಣಿಯಿಂದ ಕೆಲವೇ ಅಡಿ ದೂರದಲ್ಲಿ ಕಾಣುತ್ತವೆ, ಬಂಡೆಗಳ ಮೇಲೆ ಮೊಸಳೆಗಳೂ ಕಾಣುತ್ತವೆ. ದೋಣಿಯ ಅಂಚಿನಿಂದ ಕೈ ಹೊರಹಾಕುವುದು ಬೇಡ. ಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ಮಳೆಗಾಲದ ದಿನಗಳಲ್ಲಿ ದೋಣಿ ನಿಲ್ಲಿಸಲಾಗುತ್ತದೆ, ಹೊರಡುವ ಮುನ್ನ ವಿಚಾರಿಸಿ.

ಶ್ರೀರಂಗಪಟ್ಟಣದಲ್ಲಿ ಮಕ್ಕಳಿಗೆ ದರಿಯಾ ದೌಲತ್ ಬಹಳ ಹಿಡಿಸುತ್ತದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಿಗೆ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ.

ಬಲಮುರಿಯಲ್ಲೋ ಸಂಗಮದಲ್ಲೋ ಮಕ್ಕಳನ್ನು ನೀರಿಗಿಳಿಸಬಹುದಾ?

ಇಳಿಸಬೇಡಿ. ಕಾವೇರಿ ಇಲ್ಲಿ ಮೇಲ್ನೋಟಕ್ಕೆ ಮೊಣಕಾಲುದ್ದ ಕಂಡರೂ ಕೆಳಗೆ ಪಾಚಿಗಟ್ಟಿದ ಬಂಡೆ, ಮಡು, ಸುಳಿಗಳಿವೆ. ಮೇಲಿನ ಕಟ್ಟೆಯಿಂದ ನೀರು ಬಿಟ್ಟಾಗ ಹರಿವು ಇದ್ದಕ್ಕಿದ್ದಂತೆ ಏರುತ್ತದೆ. ಬಲಮುರಿ, ಎಡಮುರಿ, ಸಂಗಮ, ತಲಕಾಡು ಎಲ್ಲ ಕಡೆಯೂ ಈಜು ಬಲ್ಲ ದೊಡ್ಡವರೇ ಪ್ರಾಣ ಕಳೆದುಕೊಂಡಿದ್ದಾರೆ. ದಡದ ಕಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿ ಉಂಡು ಬರುವುದಕ್ಕೆ ಈ ಜಾಗಗಳು ಬಲು ಚೆಂದ. ನೀರಾಟವೇ ಬೇಕೆಂದು ಮಕ್ಕಳು ಹಟ ಹಿಡಿದರೆ ಕೆ.ಆರ್.ಎಸ್. ರಸ್ತೆಯಲ್ಲಿ ಕಾವಲುಗಾರರಿರುವ ಜಲಕ್ರೀಡೆಯ ಉದ್ಯಾನವಿದೆ.

ಸೋಮನಾಥಪುರದ ದೇವಾಲಯ ಮಕ್ಕಳಿಗೆ ಅರ್ಥವಾಗುತ್ತದೆಯೇ?

ಎಂಟು-ಒಂಬತ್ತು ವರ್ಷದ ಮೇಲ್ಪಟ್ಟವರಿಗೆ ಖಂಡಿತ. ಮೈಸೂರಿನಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿರುವ 13ನೆಯ ಶತಮಾನದ ಈ ಹೊಯ್ಸಳ ದೇವಾಲಯ, ಬೇಲೂರು ಹಳೇಬೀಡುಗಳ ಜೊತೆ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಗೋಡೆಯ ಕೆಳಗಿನ ಪಟ್ಟಿಕೆಗಳು ಮಕ್ಕಳ ಕಣ್ಣಿನ ಎತ್ತರಕ್ಕಿವೆ: ಆನೆಗಳು, ಕುದುರೆ ಸವಾರರು, ಬಳ್ಳಿ, ಅವುಗಳ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು. ಪ್ರದಕ್ಷಿಣೆಯಾಗಿ ನಡೆಯುತ್ತ ಕಥೆಯನ್ನು ಗುರುತಿಸುವ ಕೆಲಸವನ್ನು ಅಜ್ಜ-ಅಜ್ಜಿಯರಿಗೆ ಒಪ್ಪಿಸಿ, ಅಪ್ಪ-ಅಮ್ಮ ಸುಮ್ಮನೆ ಹಿಂದೆ ನಡೆಯಲಿ.

## ಊರನ್ನು ಬಲ್ಲವರ ಪ್ರಶ್ನೆಗಳು

ಎಳೆಯ ಮಕ್ಕಳನ್ನು ಕಟ್ಟಿಕೊಂಡು ಜಂಬೂಸವಾರಿ ನೋಡಲು ಸಾಧ್ಯವೇ?

ವಿಜಯದಶಮಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗಿನ ಹಾದಿಯಲ್ಲಿ ಜಾಗ ಹಿಡಿಯಲು ಗಂಟೆಗಟ್ಟಲೆ ಬಿಸಿಲಿನಲ್ಲಿ ಕೂರಬೇಕು, ನಡುವೆ ಎದ್ದು ಹೋಗಲು ದಾರಿಯಿರುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಅದು ತಕ್ಕುದಲ್ಲ. ಅವರಿಗೆ ಅದಕ್ಕಿಂತ ಒಳ್ಳೆಯದು ತಾಲೀಮು. ವೀರನಹೊಸಹಳ್ಳಿಯಿಂದ ಗಜಪಯಣದಲ್ಲಿ ಬರುವ ಆನೆಗಳು ದಸರಾಕ್ಕೆ ವಾರಗಟ್ಟಲೆ ಮುಂಚೆಯೇ ಅರಮನೆಯ ಆವರಣದಲ್ಲಿ ಬೀಡುಬಿಡುತ್ತವೆ. 750 ಕಿಲೋ ತೂಕದ ಚಿನ್ನದ ಅಂಬಾರಿ ಹೊರುವ ಆನೆಗೆ ಮರಳಿನ ಮೂಟೆ, ಮರದ ಅಂಬಾರಿ ಹೊರಿಸಿ ಅದೇ ಬೀದಿಯಲ್ಲಿ ನಡೆಸಿ ಅಭ್ಯಾಸ ಮಾಡಿಸುತ್ತಾರೆ. ಬೆಳಗಿನ ತಾಲೀಮಿಗೆ ಬನ್ನಿಮಂಟಪದ ದಾರಿಯಲ್ಲಿ ನಿಂತರೆ ನೂಕಾಟವಿಲ್ಲದೆ, ಆನೆಗಳ ಹೆಜ್ಜೆ ಟಾರಿನ ಮೇಲೆ ಸದ್ದಿಲ್ಲದೆ ಊರುವುದನ್ನೂ ಮಾವುತರು ಕಿವಿಯ ಹಿಂದೆ ಕಾಲಿನಿಂದ ಸೂಚನೆ ಕೊಡುವುದನ್ನೂ ಮಕ್ಕಳು ಹತ್ತಿರದಿಂದ ನೋಡುತ್ತಾರೆ. ಕುಶಾಲತೋಪಿನ ತಾಲೀಮಿನ ಸದ್ದು ಮಾತ್ರ ಎಳೆಯ ಕಿವಿಗಳಿಗೆ ಬೇಡ. ಹಬ್ಬದ ದಿನಗಳಲ್ಲಿ ಮಕ್ಕಳ ದಸರಾ, ಕುಪ್ಪಣ್ಣ ಉದ್ಯಾನದ ಫಲಪುಷ್ಪ ಪ್ರದರ್ಶನಗಳಿಗೆ ಹಗಲು ಹೊತ್ತಿನಲ್ಲಿ ಹೋಗಿ. ವಸ್ತುಪ್ರದರ್ಶನ ದಸರಾ ಮುಗಿದ ಮೇಲೂ ಮುಂದುವರಿಯುವುದರಿಂದ ಅದಕ್ಕೆ ಆತುರವಿಲ್ಲ.

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಅಜ್ಜಿಮನೆಗೆ ಮೈಸೂರಿಗೆ ಕಳಿಸುತ್ತೇವೆ. ಫೋನ್ ಬಿಡಿಸುವಂಥದ್ದು ಏನಿದೆ?

ಬಿ.ವಿ. ಕಾರಂತರ ನೇತೃತ್ವದಲ್ಲಿ 1989ರಲ್ಲಿ ಆರಂಭವಾದ ರಂಗಾಯಣ ಬೇಸಿಗೆಯಲ್ಲಿ ಚಿಣ್ಣರ ಮೇಳ ನಡೆಸುತ್ತದೆ. ಮಕ್ಕಳು ಹಾಡಿ, ಕುಣಿದು, ಮುಖವಾಡ ಮಾಡಿ, ಕೊನೆಗೆ ತಾವೇ ನಾಟಕ ಆಡುತ್ತಾರೆ. ಪ್ರವೇಶಕ್ಕೆ ಬೇಡಿಕೆ ಬಹಳ. ಪ್ರಕಟಣೆಗಾಗಿ ಮಾರ್ಚ್‌ನಿಂದಲೇ ಪತ್ರಿಕೆಗಳನ್ನು ಗಮನಿಸುತ್ತಿರಿ. ಮೃಗಾಲಯವೂ ಮಕ್ಕಳಿಗಾಗಿ ಬೇಸಿಗೆ ಶಿಬಿರ ಏರ್ಪಡಿಸುತ್ತದೆ, ಪ್ರಾಣಿಪಾಲಕರ ಕೆಲಸವನ್ನು ಹತ್ತಿರದಿಂದ ಕಾಣುವ ಅವಕಾಶ ಅಲ್ಲಿ ಸಿಗುತ್ತದೆ.

ನಾವು ಮೈಸೂರಿನವರೇ. ಎಲ್ಲ ನೋಡಿ ಮುಗಿದಿದೆ, ಭಾನುವಾರ ಎಲ್ಲಿಗೆ ಹೋಗುವುದು?

ನೋಡಿದ ಜಾಗಗಳಿಗೇ ಬೇರೆ ಋತುವಿನಲ್ಲಿ ಹೋಗಿ. ಕುಕ್ಕರಹಳ್ಳಿಯಲ್ಲಿ ಜೂನ್‌ನಲ್ಲಿ ಕಾಣುವ ಹಕ್ಕಿಗಳೇ ಬೇರೆ, ಜನವರಿಯಲ್ಲಿ ಬರುವ ವಲಸೆ ಹಕ್ಕಿಗಳೇ ಬೇರೆ. ಮಗುವಿಗೊಂದು ನೋಟ್‌ಬುಕ್ ಕೊಟ್ಟು ತಿಂಗಳಿಗೊಮ್ಮೆ ಪಟ್ಟಿ ಬರೆಸಿದರೆ ವರ್ಷದ ಕೊನೆಗೆ ಅದು ಮನೆಯ ಆಸ್ತಿಯಾಗುತ್ತದೆ. ಲಿಂಗಾಂಬುಧಿ ಕೆರೆಯ ಪಟ್ಟಿಯನ್ನು ಬೇರೆಯಾಗಿ ಬರೆಸಿ, ಎರಡನ್ನೂ ಹೋಲಿಸಲು ಹೇಳಿ. ರಂಗಾಯಣದ ವಾರಾಂತ್ಯದ ನಾಟಕಕ್ಕೆ ಹತ್ತು ವರ್ಷ ದಾಟಿದವರನ್ನು ಕರೆದೊಯ್ಯಿರಿ. ಹುಟ್ಟುಹಬ್ಬಕ್ಕೆ ಉಡುಗೊರೆಯ ರಾಶಿ ಬೇಡವೆನಿಸಿದರೆ ಮೃಗಾಲಯದ ಪ್ರಾಣಿ ದತ್ತು ಯೋಜನೆಯಡಿ ಮಗುವಿನ ಹೆಸರಿನಲ್ಲಿ ಒಂದು ಪ್ರಾಣಿಯ ಮೇವಿನ ಖರ್ಚನ್ನು ನಿಗದಿತ ಅವಧಿಗೆ ಹೊರಬಹುದು. ಚಿಕ್ಕ ಹಕ್ಕಿಯಿಂದ ಆನೆಯವರೆಗೆ ಮೊತ್ತ ಬೇರೆ ಬೇರೆಯಾಗಿರುವುದರಿಂದ ಸಾಧಾರಣ ಸಂಬಳದ ಮನೆಗೂ ಇದು ಎಟುಕುತ್ತದೆ. ಆಮೇಲೆ ಮಗು ತನ್ನ ಪ್ರಾಣಿಯನ್ನು ನೋಡಲು ಹೋಗೋಣವೆಂದು ತಾನೇ ಕೇಳುತ್ತದೆ. ಮಂಗಳವಾರವೊಂದನ್ನು ಬಿಟ್ಟು ಯಾವ ದಿನವಾದರೂ ಸರಿ, ಬೆಳಿಗ್ಗೆ ಎಂಟೂವರೆಗೆ ಹೋಗಿ.